ಅರ್ಧ ಮುಖದ ಹಿಂಗಾರು

ಮೊನ್ನೆ ಔರಾದಿನಿಂದ ಬೀದರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿ ಪಕ್ಕದ ಸೀಟು. ರಸ್ತೆಯ ಎರಡೂ ಕಡೆ ಸೋಯಾ ರಾಶಿ ನಡೆದಿತ್ತು. ಮಷೀನಿನಿಂದ ಹಾರಿದ ಹೊಟ್ಟು ಗಾಳಿಯಲ್ಲಿ ತೇಲಿ ಬಸ್ಸಿನೊಳಗೆ ಬರುತ್ತಿತ್ತು. ಒಣಗಿದ ಸೋಯಾದ ಆ ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಬಲಗೆನ್ನೆಗೆ ತಣ್ಣನೆಯ ಗಾಳಿ. ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಓಢಣಿ ಎಳೆದು ಬಲಗಿವಿಗೆ ಒತ್ತಿ ಹಿಡಿದಿತ್ತು.

"ಕಿವಿ ನೋಯ್ಲತ್ತಾದೇನ್ರೀ ಅಕ್ಕಾ?" ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳಿದಳು.

"ಇಲ್ರಿ, ಗಾಳಿಗಿ ಅಂಜ್ತೇನಿ."

"ಗಾಳಿಗಿ ಯಾರು ಅಂಜ್ತಾರ್ರಿ!" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಕಿಟಕಿ ಮುಚ್ಚಿದೆ.

ನಾನು ಸಿ.ಎ. ಫೈನಲ್ ಪಾಸಾದಾಗ ನನಗೆ ಇಪ್ಪತ್ತೊಂದು ವರ್ಷ. ಈಗ ಜನ ಆ ವಯಸ್ಸನ್ನೇ ಹಿಡಿದು ಹೊಗಳುತ್ತಾರೆ. ಸಾಲಿ, ಕಾಲೇಜುಗಳಿಗೆ ಕರೆದು ಮಕ್ಕಳೆದುರು ನಿಲ್ಲಿಸಿ ನಿಮ್ಮ ಧೈರ್ಯದ ಬಗ್ಗೆ ಎರಡು ಮಾತು ಹೇಳ್ರಿ ಅನ್ನುತ್ತಾರೆ. ನಾನು ಏನೋ ಹೇಳಿ ಬರುತ್ತೇನೆ. ನಿಜ ಹೇಳಬೇಕೆಂದರೆ ಆ ವರ್ಷದ ಧೈರ್ಯ ನನಗೆ ನೆನಪಿಲ್ಲ. ಅಂಜಿಕೆ ಮಾತ್ರ ಒಂದೊಂದೂ ನೆನಪಿದೆ.

ನಮ್ಮೂರು ಔರಾದ್ ತಾಲೂಕಿನ ಠಾಣಾ ಕುಶನೂರು. ಅಪ್ಪ ಗೌತಮ್ ಸರ್ಕಾರಿ ಬಸ್ಸಿನ ಕಂಡಕ್ಟರ್. ಅವನ ಬಸ್ಸು ಔರಾದಿನಿಂದ ಹೊರಟು ನಮ್ಮೂರಿನ ಮೇಲೆ ಹಾದು ಭಾಲ್ಕಿಗೆ ಹೋಗಿಬರುತ್ತಿತ್ತು. ನಾನು ಕಾಲೇಜು ಓದಿದ್ದು ಭಾಲ್ಕಿಯಲ್ಲಿ, ಆಮೇಲೆ ಸಿ.ಎ. ತರಬೇತಿಯ ಆರ್ಟಿಕಲ್‌ಶಿಪ್ ಮಾಡಿದ್ದೂ ಅಲ್ಲೇ, ಬಿರಾದಾರ ಸರ್ ಆಫೀಸಿನಲ್ಲಿ. ದಾಲ್ ಮಿಲ್ಲಿನವರ, ಅಡತ್ ದಲಾಲಿ ವ್ಯಾಪಾರಿಗಳ ಲೆಕ್ಕಪತ್ರ ನೋಡುವ ಸಣ್ಣ ಆಫೀಸು. ಅಪ್ಪನ ಬಸ್ಸಿನಲ್ಲೇ ಹೋಗಿ ಅಪ್ಪನ ಬಸ್ಸಿನಲ್ಲೇ ಬರುತ್ತಿದ್ದೆ. ಆ ಬಸ್ಸಿನ ಡ್ರೈವರ್ ಖಾಸಿಂ ಚಾಚಾ ನನ್ನನ್ನು ಸಾಲಿ ಹುಡುಗಿಯಾಗಿದ್ದಾಗಿನಿಂದ ಕಂಡವರು. ನಾನು ಹತ್ತಿದರೆ "ಕಲೆಕ್ಟರ್ ಸಾಹೇಬ್ರು ಬಂದ್ರು" ಅನ್ನುತ್ತಿದ್ದರು. ಸಿ.ಎ. ಅಂದರೆ ಏನು ಎಂದು ಅವರಿಗೆ ತಿಳಿಸಿ ಹೇಳಿ ಸಾಕಾಗಿ ನಾನೂ ಸುಮ್ಮನಾಗಿದ್ದೆ.

ಆಫೀಸಿನಲ್ಲಿ ನನಗಿಂತ ಹಿರಿಯವನು ಶಿವು ಅಣ್ಣ. ಫೈನಲ್ ಬರೆದು ಬರೆದು ಅವನ ನೆತ್ತಿಯ ಕೂದಲು ಉದುರಿದ್ದವು. ಅವನಷ್ಟು ಓದಿದವರನ್ನು ನಾನು ಕಂಡಿರಲಿಲ್ಲ. ಆದರೂ ಪ್ರತಿ ಸಲ ಒಂದಲ್ಲ ಒಂದು ಪೇಪರು ಅವನನ್ನು ಕೆಡವುತ್ತಿತ್ತು. "ಈ ಪರೀಕ್ಷಿ ಶಾಣ್ಯಾರಿಗಿ ಪಾಸ್ ಮಾಡಂಗಿಲ್ಲ ತಂಗಿ, ಸೋತು ಸಾಕಾದವರಿಗಿ ಪಾಸ್ ಮಾಡ್ತದ" ಅನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಅಂಜಿಕೆಯಾಗುತ್ತಿತ್ತು. ನಾನಿನ್ನೂ ಒಂದು ಸಲವೂ ಸೋತಿರಲಿಲ್ಲ.

ಆರ್ಟಿಕಲ್‌ಶಿಪ್ ಮುಗಿದ ಮೇಲೆ ಓದಲೆಂದು ಬೀದರಿನ ನೌಬಾದದಲ್ಲಿ ಒಂದು ಮಾಳಿಗೆ ಕೋಣೆ ಹಿಡಿದೆ. ಊರಲ್ಲಿ ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ನಿಲ್ಲುತ್ತಿರಲಿಲ್ಲ. ಮನೆಯೊಡತಿ ಖಾಲಾ ಕೆಳಗೆ ಹೊಲಿಗೆ ಮಷೀನು ಇಟ್ಟುಕೊಂಡು ಜಂಪರ್ ಹೊಲಿಯುತ್ತಿದ್ದರು. ನಾನು ಮೇಲೆ ಕೂತು ಓದುತ್ತಿದ್ದೆ. ಆ ಮಳೆಗಾಲ ಪೂರ್ತಿ ನನಗೆ ಕೇಳಿದ್ದು ತಗಡಿನ ಮೇಲೆ ಬೀಳುವ ಮಳೆ ಮತ್ತು ಆ ಮಷೀನಿನ ಸಪ್ಪಳ, ಎರಡೇ. ಮಳೆ ನಿಂತು ಹಿಂಗಾರಿನ ಗಾಳಿ ಶುರುವಾಯಿತು. ಸೆಖೆ ಕಳೆಯಿತೆಂದು ಖುಷಿಯಾಗಿ ಕಿಟಕಿ ತೆರೆದು, ಅದರ ಬುಡದಲ್ಲೇ ಚಾಪೆ ಹಾಸಿ ಮಲಗತೊಡಗಿದೆ. ಪರೀಕ್ಷೆಗೆ ಇನ್ನೊಂದು ತಿಂಗಳೂ ಇರಲಿಲ್ಲ.

ಒಂದು ಮುಂಜಾನೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನೇ ಸೋರಿ ಕುಪ್ಪಸದ ಮೇಲೆ ಬಿತ್ತು. ಮತ್ತೆ ನೀರು ತುಂಬಿಕೊಂಡೆ, ಮತ್ತೆ ಸೋರಿತು. ಮುಖ ತೊಳೆದರೆ ಸಾಬೂನು ಬಲಗಣ್ಣಿಗೆ ಹೊಕ್ಕು ಉರಿಯಿತು. ಕಣ್ಣು ಮುಚ್ಚಿದ್ದೇನಲ್ಲ ಅಂದುಕೊಂಡೆ. ಕನ್ನಡಿ ನೋಡಿದರೆ ಎಡಗಣ್ಣು ಮುಚ್ಚಿತ್ತು, ಬಲಗಣ್ಣು ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ಬಾಯಿ ಎಡಕ್ಕೆ ಎಳೆದಿತ್ತು. ಬಲಗೆನ್ನೆ ಸತ್ತಂತೆ ಜೋತುಬಿದ್ದಿತ್ತು.

ಚೀರಿದ್ದು ನೆನಪಿಲ್ಲ, ಆದರೆ ಚೀರಿರಬೇಕು. ಖಾಲಾ ಮೆಟ್ಟಿಲೇರಿ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟರು.

"ಅರೇ ಅಲ್ಲಾ! ಕ್ಯಾ ಹುವಾ ಬೇಟಿ?"

ಅಪ್ಪನಿಗೆ ಫೋನ್ ಹಚ್ಚಿದೆ. "ಅಪ್ಪ" ಅನ್ನಲು ಹೋದರೆ ತುಟಿ ಕೂಡಲಿಲ್ಲ. ಬರೀ ಗಾಳಿ ಹೊರಟಿತು. "ಅಫ್ಫ... ಅಫ್ಫ..." ಆ ಕಡೆಯಿಂದ ಅಪ್ಪ, "ಯಾರ್ರಿ? ಯಾರು ಮಾತಾಡ್ಲತ್ತೀರಿ?" ಅನ್ನುತ್ತಿದ್ದ. ನನ್ನ ಅಪ್ಪನಿಗೆ ನನ್ನ ದನಿ ಗುರುತು ಸಿಗಲಿಲ್ಲ. ಅವತ್ತಿನ ಎಲ್ಲ ಅಂಜಿಕೆಗಳಲ್ಲಿ ಅದೇ ದೊಡ್ಡದು. ಖಾಲಾ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಏನೋ ಹೇಳಿದರು, ಬುರ್ಖಾ ಹಾಕಿಕೊಂಡು, ನನ್ನ ಮುಖಕ್ಕೆ ತಮ್ಮದೇ ಒಂದು ಓಢಣಿ ಸುತ್ತಿ ಆಟೋ ಕರೆದರು.

ಡಾಕ್ಟರು ಸಣ್ಣ ವಯಸ್ಸಿನವರು. ಹುಬ್ಬು ಏರಿಸಲು ಹೇಳಿದರು, ಗಲ್ಲ ಉಬ್ಬಿಸಲು ಹೇಳಿದರು, ಕೈ ಹಿಡಿದು ಹಿಸುಕಲು ಹೇಳಿದರು. ಕೈಕಾಲು ಸರಿ ಇದ್ದವು.

"ಇದು ಲಕ್ವಾ ಅಲ್ಲ. ಮುಖದ ನರ ಬಾತುಕೊಂಡದ. ಮೆದುಳಿಗಿ ಏನೂ ಆಗಿಲ್ಲ, ಅಂಜಬ್ಯಾಡ್ರಿ."

"ಯಾವಾಗ ಸರಿ ಆಗ್ತದ?" ಖಾಲಾ ಕೇಳಿದರು.

"ಕೆಲವರಿಗಿ ತಿಂಗಳು, ಕೆಲವರಿಗಿ ಇನ್ನಷ್ಟು. ಒಬ್ಬಿಬ್ಬರಿಗಿ ಸ್ವಲ್ಪ ಹಂಗೇ ಉಳೀತದ." ಆಮೇಲೆ ನನ್ನ ಕಡೆ ತಿರುಗಿದರು. "ಮುಖಕ್ಕಿಂತ ಕಣ್ಣಿನ ಚಿಂತಿ ಮಾಡ್ರಿ. ಮುಚ್ಚಲಾರದ ಕಣ್ಣು ಒಣಗಿದ್ರ ಕರಿಗುಡ್ಡಿಗಿ ಹುಣ್ಣಾಗ್ತದ. ಹನಿ ಹಾಕ್ಕೋರಿ, ಮಲಗುವಾಗ ಟೇಪ್ ಹಚ್ಚಿ ಮುಚ್ಚಿರಿ. ಓದೋದು, ಮೊಬೈಲ್, ಎಲ್ಲಾ ಬಂದ್."

ಓದೋದು ಬಂದ್. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಒಂದು ಕಣ್ಣಿಗೆ ಅದು ನೀರಿನೊಳಗೆ ಮುಳುಗಿದಂತೆ ಕಂಡಿತು.

ಅಪ್ಪ ಡ್ಯೂಟಿ ಬಿಟ್ಟು ಬಂದು ನನ್ನನ್ನು ಊರಿಗೆ ಕರೆದುಕೊಂಡು ಹೋದ. ಅವನು ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಅವ್ವ ನನ್ನ ಮುಖದ ಓಢಣಿ ಸರಿಸಿ ನೋಡಿದಳು, ಮತ್ತೆ ಮುಚ್ಚಿದಳು. "ಹೀಂಗೇ ಉಳಿದ್ರ ಹ್ಯಾಂಗ?" ಅಂದಳು. ಯಾರಿಗೆ ಅಂದಳೋ. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಂದು ಹೋದರು. ಅತಿ ಓದಿದ್ದಕ್ಕೆ ಆಗಿದೆ ಅಂದವರಿದ್ದರು, ದೃಷ್ಟಿ ತಾಕಿದೆ ಅಂದವರಿದ್ದರು. ಲಕ್ವಾ ಅಲ್ಲ ಅಂದ ಡಾಕ್ಟರರ ಮಾತನ್ನು ಯಾರೂ ನಂಬಲಿಲ್ಲ. ಕೇಳಿ ಕೇಳಿ ನಾನೂ ನಂಬದಂತಾದೆ. ಕೂತಲ್ಲೇ ಬಲಗೈ ಬೆರಳು ಮಡಚಿ ಬಿಚ್ಚಿ, ಅವೂ ನಿಲ್ಲುತ್ತವೇನೋ ಎಂದು ನೋಡಿಕೊಳ್ಳುತ್ತಿದ್ದೆ. ಬರೆಯುವ ಕೈ ಅದು.

ಮರುದಿನ ಹಿಂದಿನ ಓಣಿಯ ಒಬ್ಬ ಮುದುಕಿ ಬುಟ್ಟಿಯಲ್ಲಿ ಒಂದು ಪಾರಿವಾಳ ತಂದಳು. ಲಕ್ವಾ ಹೊಡೆದ ಕಡೆಗೆ ಅದರ ಬಿಸಿ ರಕ್ತ ಹಚ್ಚಬೇಕಂತೆ. ಬುಟ್ಟಿಯೊಳಗೆ ಅದು ಗುಟುರು ಹಾಕುತ್ತಿತ್ತು. ಅವ್ವ ಬೇಡ ಅನ್ನಲಿಲ್ಲ. ಮಗಳ ಮುಖ ನೆಟ್ಟಗಾಗುವುದಾದರೆ ಏನಾದರೂ ಸರಿ ಅನ್ನುವ ಹಾಗೆ ನಿಂತಿದ್ದಳು. ಕಡೆಗೆ ಮಾತಾಡಿದ್ದು ಆಯಿ, ಅಪ್ಪನ ತಾಯಿ. ಅವಳು ಗೋಡೆ ಹಿಡಿದು ಎದ್ದು ಬಂದಳು.

"ಪ್ರತಿ ಹುಣ್ಣಿಮಿಗಿ ಬುದ್ಧ ವಿಹಾರಕ್ಕ ಹೋಗಿ ಜೀವ ಕೊಲ್ಲಂಗಿಲ್ಲ ಅಂತ ಕೈ ಮುಗದು ಬರ್ತೇನಿ. ಮನಿಗಿ ಬಂದು ಇದನ್ನ ಕೊಯ್ಯಬೇಕೇನು? ಒಯ್ಯಿ ನಿನ್ನ ಹಕ್ಕಿ."

ಮುದುಕಿ ಸಿಟ್ಟಿನಿಂದ ಬುಟ್ಟಿ ಅಲ್ಲೇ ಬಿಟ್ಟು ಹೋದಳು. ಆಯಿ ಮುಚ್ಚಳ ತೆಗೆದಳು. ಪಾರಿವಾಳ ಹಾರಿ ಹೋಗದೆ ತಗಡಿನ ಮೇಲೆ ಕೂತು ಸಂಜೆಯವರೆಗೆ ನಮ್ಮ ಅಂಗಳ ನೋಡುತ್ತಿತ್ತು. ಆಯಿಗೂ ಅಂಜಿಕೆಯಿತ್ತು. ಅವತ್ತು ಅವಳು ಉಣ್ಣಲಿಲ್ಲ. ತಾನು ಬೇಡ ಅಂದದ್ದಕ್ಕೇ ಮೊಮ್ಮಗಳ ಮುಖ ಸೊಟ್ಟಗೆ ಉಳಿದರೆ ಅನ್ನುವ ಅಂಜಿಕೆ.

ಎಲ್ಲರೂ ಒಳ್ಳೆಯ ಮಾತನ್ನೇ ಹೇಳಿದರು. ಬಿರಾದಾರ ಸರ್ ಫೋನಿನಲ್ಲಿ, "ಸಂಘಮಿತ್ರಾ, ಈ ಸಲ ಬಿಡವ್ವ. ಮುಂದಿನ ಸಲ ಬರಿ. ನಿನ್ನ ವಯಸ್ಸೇನು ಓಡಿ ಹೋಗ್ತದೇನು?" ಅಂದರು. ಅವ್ವ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಳು. ಬಿಡುವುದು ಎಷ್ಟು ಸುಲಭವಾಗಿತ್ತೆಂದರೆ, ಆ ಸುಲಭಕ್ಕೇ ನನಗೆ ಭಯವಾಯಿತು. ಈ ಸಲ ಬಿಟ್ಟರೆ ಯಾರೂ ನನ್ನನ್ನು ಬೈಯುವುದಿಲ್ಲ. ಮುಂದಿನ ಸಲ ಇನ್ನೊಂದು ಕಾರಣ ಬರುತ್ತದೆ. ಆಗಲೂ ಯಾರೂ ಬೈಯುವುದಿಲ್ಲ.

ಕಣ್ಣು ತೋರಿಸಲೆಂದು ಭಾಲ್ಕಿಗೆ ಅಪ್ಪನ ಬಸ್ಸಿನಲ್ಲಿ ಹೊರಟ ದಿನ ಕಂಡಕ್ಟರ್ ಸೀಟಿನಲ್ಲಿ ಅವನ ಪಕ್ಕಕ್ಕೇ ಕೂತಿದ್ದೆ. ತೊಗರಿ ಹೂಬಿಟ್ಟು ಹೊಲಗಳೆಲ್ಲ ಹಳದಿಯಾಗಿದ್ದವು.

"ಅಪ್ಪ, ನಾ ಬರೀತೇನಿ," ಅಂದೆ. "ಬರೀತೇನಿ" ಅನ್ನುವುದೂ ಸೋರಿ ಬೇರೆ ಏನೋ ಆಗಿ ಕೇಳಿಸಿತು.

ಅಪ್ಪ ಮಷೀನಿನಿಂದ ಟಿಕೆಟ್ ಹರಿದು ಯಾರಿಗೋ ಕೊಟ್ಟ. "ಕಣ್ಣು?"

"ಇನ್ನೊಂದದಲ್ಲ."

ಅವನು ಬಸ್ಸಿನ ಹಿಂದಿನವರೆಗೂ ಹೋಗಿ ಟಿಕೆಟ್ ಕೊಟ್ಟು ಮರಳಿ ಬಂದ. ಕೂತ. ಭಾಲ್ಕಿಯಲ್ಲಿ ಇಳಿಯುವಾಗ, "ಪರೀಕ್ಷಿಗಿ ಕಲಬುರಗಿಗಿ ನಾ ಬರ್ತೇನಿ ಜೊತಿ. ರಜಾ ಹಾಕ್ತೇನಿ" ಅಂದ.

ಹೇಗೆ ಓದಿದೆ ಎಂದು ಜನ ಕೇಳುತ್ತಾರೆ. ನಾನು ಓದಲಿಲ್ಲ, ಕೇಳಿದೆ. ನೌಬಾದದ ಕೋಣೆಗೆ ಮರಳಿ, ಕಿಟಕಿಗೆ ಖಾಲಾ ಹೊಲಿದುಕೊಟ್ಟ ದಪ್ಪ ಪರದೆ ಹಾಕಿ, ಎರಡೂ ಕಣ್ಣಿಗೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗುತ್ತಿದ್ದೆ. ಭಾಲ್ಕಿಯಿಂದ ಶಿವು ಅಣ್ಣ ಫೋನ್ ಹಚ್ಚಿ ಓದಿ ಹೇಳುತ್ತಿದ್ದ. ಅವನೂ ಅದೇ ಪರೀಕ್ಷೆ ಬರೆಯುವವನು.

"ನಿಂದು ನೀ ಓದ್ಕೋ ಅಣ್ಣ, ನನ್ನ ಸಲುವಾಗಿ ಯಾಕ ನಿನ್ನ ಟೈಮು?"

"ಸುಮ್ಮ ಕೂಡು. ಇಷ್ಟು ವರ್ಷ ಮನಸಿನಾಗ ಓದೀನಿ, ತಲಿಗಿ ಹೋಗಿಲ್ಲ. ಈಗ ಗಟ್ಟಿಯಾಗಿ ಓದ್ತೇನಿ. ನೋಡೂಣು, ಕಿವಿಯಾಗಿಂದರೆ ಹೋಗ್ತದೇನು."

ಅವನು ಆಡಿಟಿನ ನಿಯಮಗಳನ್ನು ಓದುತ್ತಿದ್ದ, ನಾನು ತೊದಲುತ್ತ ತಿರುಗಿ ಹೇಳುತ್ತಿದ್ದೆ. ತಪ್ಪಿದರೆ ಬೈಯುತ್ತಿದ್ದ. ಮುಖ ಸೊಟ್ಟಗಾದ ಮೇಲೆ ನನ್ನನ್ನು ಬೈದವನು ಅವನೊಬ್ಬನೇ. ಅದು ನನಗೆ ಎಷ್ಟು ಬೇಕಾಗಿತ್ತು ಎಂದು ಅವನಿಗೆ ಗೊತ್ತಿತ್ತೋ ಏನೋ. ಲೆಕ್ಕದ ಪೇಪರುಗಳಿಗೆ ಮಾತ್ರ ಕಣ್ಣು ಬೇಕೇ ಬೇಕಿತ್ತು. ಒಂದು ಲೆಕ್ಕ ಬಿಡಿಸುವುದು, ಹನಿ ಹಾಕಿಕೊಂಡು ಕಣ್ಣಿಗೆ ಅಂಗೈ ಮುಚ್ಚಿ ಕೂಡುವುದು, ಮತ್ತೆ ಇನ್ನೊಂದು. ಪ್ರತಿ ಸಲ ಅಂಗೈ ತೆಗೆಯುವಾಗ ಈ ಸಲ ಏನೂ ಕಾಣಲಿಕ್ಕಿಲ್ಲ ಅನ್ನಿಸುತ್ತಿತ್ತು.

ಕಲಬುರಗಿಯಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದೆವು. ಮೊದಲ ಪೇಪರಿನ ಮಧ್ಯಾಹ್ನ ಅಪ್ಪ ಗೇಟಿನವರೆಗೆ ಬಂದು ಬೇವಿನ ಮರದ ಕೆಳಗೆ ನಿಂತ. ನಾನು ಒಳಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ಓಢಣಿ ತೆಗೆದೆ. ಕೋಣೆ ನೋಡಿಕೊಳ್ಳುವ ಮೇಡಂ ಸಾಲಿನಲ್ಲಿ ಬರುತ್ತ ಒಬ್ಬೊಬ್ಬರ ಹಾಲ್ ಟಿಕೆಟ್ ನೋಡಿ ಸಹಿ ಹಾಕುತ್ತಿದ್ದರು. ನನ್ನ ಹತ್ತಿರ ಬಂದು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಇದು ಯಾರು?"

"ನಾನೇರಿ ಮೇಡಂ." ಹಾಗೆ ಕೇಳಿಸಲಿಲ್ಲ. ತೊದಲಿತು.

"ಸರಿಯಾಗಿ ಮಾತಾಡ್ರಿ. ಹೆಸರೇನು?"

ಸಂಘಮಿತ್ರಾ ಎಂಬ ನನ್ನ ಹೆಸರಿನಲ್ಲಿ ತುಟಿ ಕೂಡಬೇಕಾದ ಅಕ್ಷರವೇ ನಡುವಿದೆ. ನಾನು ಹೇಳಿದ್ದು ಅವರಿಗೆ ಬೇರೆಯೇ ಹೆಸರಾಗಿ ಕೇಳಿಸಿತು. ಅವರ ಮುಖ ಬಿಗಿಯಿತು. ಆಧಾರ್ ಕೊಟ್ಟೆ. ಅದರಲ್ಲಿ ನನ್ನ ಸಾಲಿಯ ಕಾಲದ ಫೋಟೋ, ಅದು ಇನ್ನೂ ಬೇರೆ. ಪ್ರಶ್ನೆಪತ್ರಿಕೆ ಹಂಚಲು ಶುರುವಾಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನೀವು ಹೊರಗ ಬರ್ರಿ, ಮೇಲಿನವರಿಗೆ ಕೇಳಬೇಕು" ಅಂದರು ಮೇಡಂ.

ಹೊರಗೆ ಹೋದರೆ ಒಳಗೆ ಬರುವುದಿಲ್ಲ ಅನ್ನಿಸಿತು ನನಗೆ. ಬೇರೊಬ್ಬರ ಪರೀಕ್ಷೆ ಬರೆಯಲು ಬಂದ ಕಳ್ಳಿ ಎಂದು ನಿಲ್ಲಿಸುತ್ತಾರೆ, ಅಪ್ಪನನ್ನು ಕರೆಸುತ್ತಾರೆ. ನಾನು ಏಳಲಿಲ್ಲ. ಮಾತಾಡಿದಷ್ಟೂ ಕೆಡುತ್ತಿತ್ತು. ಆಗ ಏನು ತೋಚಿತೋ, ಮೇಡಂ ಕೈಯಲ್ಲಿದ್ದ ಹಾಲ್ ಟಿಕೆಟ್ ತೆಗೆದುಕೊಂಡು ಮೇಜಿನ ಮೇಲಿಟ್ಟೆ. ಫೋಟೋದ ಬಲಗಡೆಯ ಮುಖ ಕಾಣದಂತೆ ಸ್ಕೇಲು ಇಟ್ಟೆ. ಆಮೇಲೆ ನನ್ನ ಕರವಸ್ತ್ರದಿಂದ ನನ್ನ ಬಲಗಡೆಯ ಮುಖ ಪೂರ್ತಿ ಮುಚ್ಚಿ ಹಿಡಿದೆ.

"ಈ ಅರ್ಧ ನೋಡ್ರಿ ಮೇಡಂ."

ಅವರು ಬಗ್ಗಿ ನೋಡಿದರು. ಫೋಟೋದ ಅರ್ಧ ನೋಡಿ ನನ್ನ ಅರ್ಧ ನೋಡಿದರು. ಎಡಗಣ್ಣು, ಎಡಹುಬ್ಬು, ಎಡಗಡೆಯ ಮೂಗಿನ ಹೊಳ್ಳೆಯ ಹತ್ತಿರದ ಮಚ್ಚೆ. ಅವರು ನನ್ನ ಕೈಯನ್ನು ಮೆತ್ತಗೆ ಸರಿಸಿ ಆ ಇನ್ನೊಂದು ಅರ್ಧವನ್ನು ಈಗ ಮೊದಲ ಸಲ ನೋಡುವವರಂತೆ ನೋಡಿದರು.

"ಯಾವಾಗಿಂದ ಹೀಂಗಾಗ್ಯಾದವ್ವ?"

ನಾನು ಪೆನ್ನು ಕೈಗೆತ್ತಿಕೊಂಡೆ. ಉತ್ತರ ಕೊಟ್ಟರೆ ಅಳು ಬರುತ್ತಿತ್ತು. ಅವರು ಸಹಿ ಹಾಕಿ, ಹೋಗಿ ಫ್ಯಾನ್ ಬಂದ್ ಮಾಡಿದರು. ನನ್ನ ಮೇಲಿದ್ದ ಫ್ಯಾನ್ ಮಾತ್ರ.

ಪರೀಕ್ಷೆ ಹೇಗೆ ಬರೆದೆ ಎಂದು ಹೇಳಲು ಹೆಚ್ಚೇನಿಲ್ಲ. ಬಲಗಣ್ಣಿನ ನೀರು ಉತ್ತರ ಪತ್ರಿಕೆಯ ಮೇಲೆ ಬೀಳದಂತೆ ತಲೆ ಓರೆ ಮಾಡಿ ಬರೆದೆ. ಅಂಕಿಗಳು ಎರಡೆರಡಾಗಿ ಕಂಡಾಗ ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಬರೆದೆ. ಗೊತ್ತಿದ್ದದ್ದನ್ನು ಬಿಟ್ಟೆ, ಗೊತ್ತಿಲ್ಲದ್ದನ್ನು ಬರೆದೆ, ಎಲ್ಲರೂ ಮಾಡುವ ಹಾಗೆಯೇ. ಒಂದು ದಿನ ಬಿಟ್ಟು ಒಂದು ದಿನ ಪೇಪರು. ಪ್ರತಿ ಸಲ ಹೊರಗೆ ಬಂದಾಗ ಅಪ್ಪ ಅದೇ ಬೇವಿನ ಮರದ ಕೆಳಗೆ ಅದೇ ಹಾಗೆ ನಿಂತಿರುತ್ತಿದ್ದ. ಹ್ಯಾಂಗಾಯಿತು ಅಂತ ಒಂದು ಸಲವೂ ಕೇಳಲಿಲ್ಲ. "ಹನಿ ಹಾಕ್ಕೊಂಡೇನು?" ಇಷ್ಟೇ ಕೇಳುತ್ತಿದ್ದ.

ಚಳಿ ಬಿದ್ದ ಮೇಲೆ ಊರಲ್ಲಿ ಒಂದು ಮುಂಜಾನೆ ಮುಖ ತೊಳೆಯುವಾಗ ಸಾಬೂನು ಕಣ್ಣಿಗೆ ಹೋಗಲಿಲ್ಲ. ಏನೋ ತಪ್ಪಿದೆ ಅನ್ನಿಸಿ ಮತ್ತೆ ಹಚ್ಚಿಕೊಂಡೆ. ಮತ್ತೂ ಹೋಗಲಿಲ್ಲ. ನಾನು ಸಾಬೂನು ಮುಖದಲ್ಲೇ ಆಯಿಯ ಹತ್ತಿರ ಓಡಿದೆ. ಅವಳು ಬೆರಳಿನಿಂದ ನನ್ನ ರೆಪ್ಪೆ ಮುಟ್ಟಿ ನೋಡಿ, ಹೋಗಿ ಅಂಗಳದಲ್ಲಿ ಪಾರಿವಾಳಕ್ಕೆಂದು ಒಂದು ಹಿಡಿ ಜೋಳ ಚೆಲ್ಲಿದಳು. ಬಾಯಿ ಮಾತ್ರ ಇನ್ನೂ ಸ್ವಲ್ಪ ಎಡಕ್ಕೇ ಇತ್ತು. ಈಗಲೂ ತುಂಬಾ ದಣಿದ ದಿನ ನಕ್ಕರೆ ಗೊತ್ತಾಗುತ್ತದೆ.

ಫಲಿತಾಂಶದ ಹೊತ್ತಿಗೆ ತೊಗರಿ ಕೊಯ್ಲಿಗೆ ಬಂದಿತ್ತು. ಕುಶನೂರಿನ ನಮ್ಮ ಮನೆಯ ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಅಲ್ಲಿ ನಿಂತು ನಂಬರು ಹೊಡೆದು ಕಾಯುತ್ತಿದ್ದೆ. ಅವ್ವ ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು, ಮೇಲೆ ಬರಲು ಅಂಜಿ. ಶಿವು ಅಣ್ಣನದು ಮೊದಲು ಬಂತು. ಫೈನಲ್ಲಿನ ಎರಡು ಗ್ರೂಪುಗಳಲ್ಲಿ ಒಂದು ಪಾಸಾಗಿತ್ತು, ಇನ್ನೊಂದು ಉಳಿದಿತ್ತು. (ಅದನ್ನೂ ಅವನು ಮುಂದಿನ ಸಲ ಮುಗಿಸಿದ.) ಅವನೇ ಫೋನಿನಲ್ಲಿ, "ನಿಂದು ನೋಡು, ಲಗೂ ನೋಡು" ಅನ್ನುತ್ತಿದ್ದ. ನನ್ನ ಪುಟ ತೆರೆಯಿತು. ಅಂಕಗಳನ್ನು ನಾನು ನೋಡಲೇ ಇಲ್ಲ. ಕೆಳಗೆ ಒಂದೇ ಪದ ನೋಡಿದೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದಲೂ ನೋಡಿದೆ. ಅದೇ ಪದ.

ಅಪ್ಪನಿಗೆ ಹಚ್ಚಿದೆ. ಅವನು ಡ್ಯೂಟಿಯಲ್ಲಿದ್ದ. ಹಿಂದೆ ಬಸ್ಸಿನ ಗದ್ದಲ.

"ಅಪ್ಪ, ಪಾಸಾಗೇನಿ. ಎರಡೂ ಗ್ರೂಪು."

"ಹ್ಞಾಂ," ಅಂದ. ಆಮೇಲೆ, "ಇಡು" ಅಂದ. ಫೋನ್ ಕಟ್ಟಾಯಿತು.

"ಏನಂದ?" ಅವ್ವ ಮೇಲೆ ಹತ್ತಿ ಬಂದು ಕೇಳಿದಳು.

"ಇಡು ಅಂದ."

ನಾವಿಬ್ಬರೂ ಇನ್ನೂ ಮಾಳಿಗೆಯ ಮೇಲೇ ಇದ್ದಾಗ ಫೋನ್ ಮತ್ತೆ ಹೊಡೆಯಿತು. ಖಾಸಿಂ ಚಾಚಾ. ಅವರು ನನಗೆ ಎಂದೂ ಫೋನ್ ಮಾಡಿದವರಲ್ಲ. ಬಸ್ಸು ಓಡಿಸಬೇಕಾದ ಹೊತ್ತಿನಲ್ಲಿ ಡ್ರೈವರ್ ಯಾಕೆ ಫೋನ್ ಮಾಡುತ್ತಾನೆ? ಆ ವರ್ಷದ ಎಲ್ಲ ಅಂಜಿಕೆ ಒಮ್ಮೆಲೇ ಮರಳಿ ಬಂತು.

"ಬೇಟಿ, ಗಾಬರಿ ಆಗಬ್ಯಾಡ. ನಿಮ್ಮಪ್ಪ ಸೀಟಿ ಹೊಡದು ಗಾಡಿ ನಿಲ್ಲಿಸಿ ಕೆಳಗ ಇಳದಾನ. ತೊಗರಿ ಹೊಲದಾಗ ಆ ಕಡಿ ಮಾರಿ ಮಾಡಿ ನಿಂತಾನ. ಕರದ್ರ ಬರವಲ್ಲ, ಕೇಳಿದ್ರ ಹೇಳವಲ್ಲ." ಅವರು ದನಿ ತಗ್ಗಿಸಿದರು. "ಇವತ್ತು ನಿನ್ನ ರಿಸಲ್ಟ್ ಅಲ್ಲಾ? ಹೋದ್ರ ಹೋಗ್ಲಿ ಬೇಟಿ. ಅಂಥಾದ್ರಾಗ ಹೋಗಿ ಬರದೀದಿ, ಅದು ಸಣ್ಣ ಮಾತೇನು? ಇನ್ನೊಮ್ಮಿ ಬರಿ. ನೀ ಅಳಬ್ಯಾಡ. ನಿಮ್ಮಪ್ಪಗ ನಾ ಸಮಾಧಾನ ಮಾಡ್ತೇನಿ."

"ಚಾಚಾ," ಅಂದೆ, "ನಾ ಪಾಸಾಗೇನಿ."

ಅವರು ಫೋನ್ ಇಡುವುದನ್ನು ಮರೆತಿದ್ದರು. ಬಸ್ಸಿನ ಬಾಗಿಲು ಕಿರ್ರೆಂದಿತು, ಆಮೇಲೆ ಅವರು ಹೊಲದ ಕಡೆ ಕೂಗುವುದು ಕೇಳಿಸಿತು.

"ಅರೇ ಓ ಗೌತಮ್! ಪಾಸಾಗ್ಯಾಳಂತ! ಮತ್ತ ನೀ ಯಾಕ ಅಳ್ಲತ್ತೀದೋ ಹುಚ್ಚಾ!"

ಬಸ್ಸಿನೊಳಗೆ ಯಾರೋ "ಏನಾಯ್ತ್ರಿ, ಯಾರಿಗಿ ಏನಾಯ್ತು?" ಅನ್ನುತ್ತಿದ್ದರು, ಇನ್ನಾರೋ "ಕಂಡಕ್ಟರನ ಮಗಳು ಏನೋ ಪಾಸಂತ" ಅನ್ನುತ್ತಿದ್ದರು. ಹೆಂಗಸರು ನಗುತ್ತಿದ್ದರು. ಒಂದು ಕೂಸು ಅಳುತ್ತಿತ್ತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಅಪ್ಪನ ದನಿಗಾಗಿ ಕಾದೆ. ಅವನ ದನಿ ಬರಲೇ ಇಲ್ಲ. ಬಹಳ ಹೊತ್ತಿನ ಮೇಲೆ ಅವನ ಸೀಟಿ ಕೇಳಿಸಿತು, ಉದ್ದನೆಯ ಎರಡು ಸೀಟಿ. ಗಾಡಿ ಗೇರಿಗೆ ಬಿತ್ತು.

ಅವ್ವ ನನ್ನ ತೋಳು ಹಿಡಿದು ಅಲುಗಿಸುತ್ತಿದ್ದಳು. "ಏನಾಯ್ತು? ಹೇಳ, ಏನಾಯ್ತು ಅಂತ?"

"ಏನಿಲ್ಲವ್ವ," ಅಂದೆ. "ಬಸ್ಸು ಹೊಂಟಿತು."